ಜರೀಗಿಡ ಮತ್ತು ನೀರಿನ ಹಂಗು

ಹೂವಿಲ್ಲ, ಕಾಯಿಲ್ಲ, ಬೀಜವಂತೂ ಇಲ್ಲವೇ ಇಲ್ಲ. ಆದರೂ ನಾಲ್ಕು ಮಳೆ ಬಿದ್ದರೆ ಸಾಕು, ಹಳೇ ಬಾವಿಯ ಒಳಗೋಡೆ, ಕೋಟೆಯ ಕಲ್ಲುಸಂದಿ, ತೋಟದ ಕಾಲುವೆಯ ಅಂಚುಗಳಲ್ಲೆಲ್ಲ ಜರೀಗಿಡ ಚಿಗುರಿ ನಿಲ್ಲುತ್ತದೆ. ಯುರೋಪಿನ ಜನರಿಗೆ ಶತಮಾನಗಳ ಕಾಲ ಇದೊಂದು ಒಗಟು. ಗಿಡವೆಂದ ಮೇಲೆ ಬೀಜ ಇರಲೇಬೇಕು, ಇದರದು ಕಣ್ಣಿಗೆ ಬೀಳದು, ಅಂದಮೇಲೆ ಅದು ಅದೃಶ್ಯ ಬೀಜ ಎಂದು ಅವರು ತರ್ಕಿಸಿದರು. ಅದು ಸಿಕ್ಕವನೂ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ನಂಬಿಕೆ ಹಿಂದೆಯೇ ಬಂತು. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ದರೋಡೆಕೋರನೊಬ್ಬ ಈ ಬೀಜದ ಬಲವನ್ನೇ ಕೊಚ್ಚಿಕೊಳ್ಳುತ್ತಾನೆ.

ಜಮೈಕಾದಲ್ಲಿದ್ದ ಶಸ್ತ್ರವೈದ್ಯ ಜಾನ್ ಲಿಂಡ್ಸೆ ತರ್ಕ ಬಿಟ್ಟು ಬಿತ್ತನೆಗಿಳಿದ. ಎಲೆಯ ಬೆನ್ನಿನ ಕಂದು ಚುಕ್ಕಿಗಳಿಂದ ಉದುರುವ ಪುಡಿಯನ್ನು ಕುಂಡದ ಮಣ್ಣಿಗೆ ಉದುರಿಸಿ, ಸೂಕ್ಷ್ಮದರ್ಶಕದಲ್ಲಿ ಅದು ಮೊಳೆಯುವುದನ್ನು ಗಮನಿಸಿದ. ಅವನ ವರದಿ 1794ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪುಡಿಯ ಕಣಗಳೇ ಬೀಜಕಗಳು.

ವಿಚಿತ್ರವೆಂದರೆ ಬೀಜಕ ಮೊಳೆತಾಗ ಹುಟ್ಟುವುದು ಜರೀಗಿಡವಲ್ಲ. ಉಗುರಿಗಿಂತ ಸಣ್ಣ, ಹೃದಯದಾಕಾರದ, ತೆಳುವಾದ ಬೇರೆಯೇ ಒಂದು ಗಿಡ. ಅದಕ್ಕೆ ಪ್ರೋಥ್ಯಾಲಸ್ ಎಂದು ಹೆಸರು. ಗಂಡು, ಹೆಣ್ಣು ಕೋಶಗಳು ಹುಟ್ಟುವುದು ಅದರಲ್ಲಿ. ಅವು ಕೂಡಿದ ಮೇಲೆ ನಾವು ಕಾಣುವ ಜರೀಗಿಡ ಮೇಲೇಳುತ್ತದೆ. ಒಂದೇ ಜೀವನಚಕ್ರದಲ್ಲಿ ಹೀಗೆ ಎರಡು ಪೀಳಿಗೆಗಳಿವೆಯೆಂದು 1851ರಲ್ಲಿ ವಿವರವಾಗಿ ತೋರಿಸಿಕೊಟ್ಟವನು ಲೈಪ್ಸಿಗ್‌ನ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಅವನು ಓದಿ ಪದವಿ ಪಡೆದವನಲ್ಲ, ಅಪ್ಪನ ಪುಸ್ತಕದಂಗಡಿಯಲ್ಲಿ ದುಡಿಯುತ್ತಿದ್ದವನು.

ಈ ಎರಡು ಪೀಳಿಗೆಗಳಲ್ಲಿ ದೊಡ್ಡದಕ್ಕೆ ಒಣಗಾಳಿ ಬೇಕು, ಚಿಕ್ಕದಕ್ಕೆ ನೀರು ಬೇಕು. ಇಂದಿನ ಉಪನ್ಯಾಸದ ವಸ್ತು ಈ ಜಗಳವೇ.

ದೊಡ್ಡ ಗಿಡದ ಕಾಂಡದಲ್ಲಿ, ಹಾವಸೆಗಿಲ್ಲದ ನೀರಿನ ಕೊಳವೆಗಳಿವೆ. ಹಾಗಾಗಿಯೇ ಪಶ್ಚಿಮ ಘಟ್ಟದ ಸಯಾಥಿಯಾ ಎಂಬ ಜರೀಗಿಡ ಮರದೆತ್ತರ ಬೆಳೆಯುತ್ತದೆ. ಎಲೆಯಡಿಯ ಚುಕ್ಕಿಯೆಂದರೆ ಪುಟ್ಟ ಚೀಲಗಳ ಗೊಂಚಲು. ಸಾಮಾನ್ಯವಾಗಿ ಒಂದೊಂದರಲ್ಲಿ 64 ಬೀಜಕ. ಚೀಲದ ಸುತ್ತ ದಪ್ಪಗೋಡೆಯ ಹತ್ತು ಹನ್ನೆರಡು ಕೋಶಗಳ ಪಟ್ಟಿಯಿದೆ. ಗಾಳಿ ಒಣಗಿದಂತೆ ಕೋಶಗಳ ನೀರು ಆರಿ, ಪಟ್ಟಿ ಹಿಂದಕ್ಕೆ ಬಾಗಿ, ಚೀಲ ಹರಿಯುತ್ತದೆ. ಎಳೆತ ಮಿತಿ ಮೀರಿದೊಡನೆ ಕೋಶಗಳೊಳಗೆ ಗುಳ್ಳೆಗಳೆದ್ದು, ಪಟ್ಟಿ ಕವಣೆಯ ಹಾಗೆ ಮುಂದಕ್ಕೆ ಚಿಮ್ಮುತ್ತದೆ. ಬೀಜಕಗಳು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಹಾರುತ್ತವೆ. ಚಿಮ್ಮಿದ ಪಟ್ಟಿ ಅರ್ಧದಲ್ಲೇ ತಡೆದು ನಿಲ್ಲದಿದ್ದರೆ ಬೀಜಕ ಹೊರಗೆ ಬೀಳದು. ಆ ತಡೆಯೊಡ್ಡುವುದು ಕೋಶದ ಗೋಡೆಯ ಸೂಕ್ಷ್ಮರಂಧ್ರಗಳಲ್ಲಿ ನಿಧಾನವಾಗಿ ಹರಿಯುವ ನೀರು ಎಂದು 2012ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನವೊಂದು ವಿವರಿಸಿತು.

ಪ್ರೋಥ್ಯಾಲಸ್‌ನ ಪಾಡೇ ಬೇರೆ. ಅದರ ವೀರ್ಯಾಣುವಿಗೆ ಹಲವು ಬಾಲಗಳಿವೆ; ಅದು ಅಂಡದತ್ತ ಈಜಿಯೇ ಹೋಗಬೇಕು. ನೀರಿನ ಪೊರೆಯಿಲ್ಲದಿದ್ದರೆ ವಂಶ ಅಲ್ಲಿಗೇ ನಿಂತಿತು. ಬಯಲುಸೀಮೆಯಲ್ಲೂ ಜರೀಗಿಡ ಬಾವಿಗೋಡೆಗೆ ಅಂಟಿಕೊಳ್ಳುವ ಕಾರಣ ಇದೇ.

ಅಕ್ಕಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಎಷ್ಟೋ ಜಾತಿಗಳಲ್ಲಿ ಒಂದೇ ಪ್ರೋಥ್ಯಾಲಸ್ ಎರಡೂ ಬಗೆಯ ಕೋಶಗಳನ್ನು ಹೊತ್ತು ಸಂಸಾರ ಹೂಡಬಲ್ಲದು. ನೆರೆಹೊರೆ ಇದ್ದರೆ ರಾಜಕೀಯ ಶುರು. ಮೊದಲು ಬೆಳೆದದ್ದು ಒಂದು ರಸಾಯನವನ್ನು ಒಸರುತ್ತದೆ. ತಡವಾಗಿ ಮೊಳೆತವು ಅದರ ಪ್ರಭಾವಕ್ಕೆ ಸಿಕ್ಕಿ ಗಂಡಾಗುತ್ತವೆ. 1950ರಲ್ಲಿ ಬ್ರ್ಯಾಕನ್ ಎಂಬ ಜರೀಗಿಡದಲ್ಲಿ ಗುರುತಿಸಿದ ಈ ರಸಾಯನದ ಹೆಸರು ಆಂಥೆರಿಡಿಯೋಜೆನ್.

ನೀರಿನ ಹಂಗು ಕಡಿಮೆ ಮಾಡಿಕೊಳ್ಳುವ ದಾರಿಯನ್ನು ಸೆಲಾಜಿನೆಲ್ಲದಲ್ಲಿ ಕಾಣಬಹುದು. ಇದು ಜರೀಗಿಡದ ದೂರದ ನೆಂಟ. ರಾಮಾಯಣದ ಸಂಜೀವಿನಿ ಯಾವ ಸಸ್ಯವಿರಬಹುದೆಂದು ಹುಡುಕಿ 2009ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದವರು ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಮತ್ತು ಆರ್. ಉಮಾಶಂಕರ್. ಇವರಲ್ಲಿ ಗಣೇಶಯ್ಯ ಕನ್ನಡ ಕಾದಂಬರಿಯ ಓದುಗರಿಗೂ ಪರಿಚಿತರು. ಈ ಮೂವರ ಪಟ್ಟಿಯಲ್ಲಿ ಸೆಲಾಜಿನೆಲ್ಲ ಬ್ರಯಾಪ್ಟೆರಿಸ್ ಮುಂಚೂಣಿಯಲ್ಲಿತ್ತು. ಒಣಗಿದಾಗ ಮುದುಡಿ ಸತ್ತಂತಿರುವ ಅದು ನೀರು ತಾಕಿದರೆ ಮತ್ತೆ ಹಸಿರಾಗಿ ಅರಳುತ್ತದೆ.

ಆದರೆ ನೀರಿನ ಹಂಗು ತಗ್ಗಿಸುವ ದಾರಿ ಇರುವುದು ಸೆಲಾಜಿನೆಲ್ಲದ ಎರಡು ಗಾತ್ರದ ಬೀಜಕಗಳಲ್ಲಿ. ಹಿರಿಯದರೊಳಗೆ ತಾಯಿಗಿಡ ತುಂಬಿಟ್ಟ ಆಹಾರವಿರುತ್ತದೆ. ಹೆಣ್ಣು ಪ್ರೋಥ್ಯಾಲಸ್ ಬಹುಮಟ್ಟಿಗೆ ಅದರ ಗೋಡೆಯೊಳಗೇ ಬೆಳೆಯುತ್ತದೆ. ದನಕ್ಕೆ ಅಜೋಲಾ ಹಾಕುವ ಹೈನುಗಾರರ ತೊಟ್ಟಿಯಲ್ಲಿ ತೇಲುವುದೂ ಇಂಥ ಇಬ್ಬಗೆಯ ಬೀಜಕದ ಜರೀಗಿಡವೇ. ಬೇರೊಂದು ಕವಲಿನ ಸಸ್ಯಗಳು ಸುಮಾರು 36 ಕೋಟಿ ವರ್ಷಗಳ ಹಿಂದೆಯೇ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದವು. ಅವು ದೊಡ್ಡ ಬೀಜಕವನ್ನು ಉದುರಿಸದೆ ತಾಯಿಯ ಮೇಲೇ ಉಳಿಸಿಕೊಂಡು ಹೊದಿಕೆ ಹೊದಿಸಿದವು. ಅದೇ ಬೀಜ.

ಹಾಗಂತ ಈಜು ಒಮ್ಮೆಲೇ ನಿಲ್ಲಲಿಲ್ಲ. 1896ರಲ್ಲಿ ಟೋಕಿಯೋದ ಹಿರಾಸೆ ಸಾಕುಗೊರೊ ಗಿಂಕ್ಗೊ ಮರದಲ್ಲಿ ಈಜುವ ವೀರ್ಯಾಣುವನ್ನು ಕಂಡ. ಅದೇ ವರ್ಷ ಇಕೆನೊ ಸೇಯಿಚಿರೊ ಅದನ್ನು ಸೈಕಸ್‌ನಲ್ಲಿ ಗುರುತಿಸಿದ. ಎರಡೂ ಬೀಜ ಬಿಡುವ ಸಸ್ಯಗಳೇ. ಅವು ಮಳೆಹನಿಗೆ ಕಾಯುವುದಿಲ್ಲ, ವೀರ್ಯಾಣು ಈಜುವಷ್ಟು ದ್ರವವನ್ನು ಬೀಜಾಂಡದೊಳಗೇ ಒದಗಿಸುತ್ತವೆ.