ಟೈಟನ್ನಿನಲ್ಲಿ ಹುಟ್ಟಿದವರು
(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಬಾಗಲಕೋಟೆಯಿಂದ ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಅನಗವಾಡಿಯ ಬಳಿ, ಘಟಪ್ರಭೆಗೆ ಅಡ್ಡಲಾಗಿ ಒಂದು ಸೇತುವೆಯುಂಟು. ಮಳೆಗಾಲ ಮುಗಿದ ಮೇಲೆ ಅದರ ಮೇಲೆ ನಿಂತು ನೋಡಿದರೆ ಹರಿಯುವುದನ್ನೇ ಮರೆತಂತಿರುವ ನೀರು ಎರಡೂ ಕಡೆಗೆ ಹರಡಿಕೊಂಡಿರುತ್ತದೆ. ಅದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ಹೊಲಗಳ ಮಣ್ಣು ಮತ್ತೆ ಕಾಣಿಸಿಕೊಳ್ಳುತ್ತದೆ. ನಾನು ಹುಟ್ಟಿದ ಮನೆಯಿದ್ದ ಜಾಗವೂ ಆ ನೀರಿನೊಳಗೇ ಇದೆ.

ಒಂದು ದಿನ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಸೇತುವೆಯ ಮೇಲೆ ನಿಲ್ಲಿಸಿ, ‘ಅಗಾ ನೋಡವಾ, ಅಲ್ಲಿತ್ತು ನಮ್ಮೂರು’ ಎಂದು ಬೆರಳು ಮಾಡಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ‘ಅದು ನಿಮ್ಮೂರು, ಮುತ್ಯಾ. ನಮ್ಮೂರು ನವನಗರ’ ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮುಳುಗಡೆಯಾದ ಬಾಗಲಕೋಟೆಗಾಗಿ ಕಟ್ಟಿದ ಆ ಹೊಸ ಪಟ್ಟಣದಲ್ಲಿ, ಸಂಖ್ಯೆಯಿಂದಲೇ ಕರೆಯುವ ಒಂದು ಸೆಕ್ಟರಿನಲ್ಲಿ, ಅವಳು ಹುಟ್ಟಿ ಬೆಳೆದವಳು. ಆದರೂ ನನಗೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎದ್ದು, ನಲವತ್ತು ವರ್ಷಗಳ ಹಿಂದೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಕೊಂಡ ಒಂದು ಇಂಗ್ಲಿಷ್ ಕಾದಂಬರಿಯನ್ನು ಹುಡುಕಿ ತೆಗೆದೆ. ಇಂದು ಮಾತನಾಡಬೇಕೆಂದಿರುವುದು ಆ ಕಾದಂಬರಿಯ ವಿಷಯವಾಗಿ.

ಅದರ ಹೆಸರು ‘ಇಂಪೀರಿಯಲ್ ಅರ್ತ್’, ಎಂದರೆ ಸಾಮ್ರಾಜ್ಞಿಯಾದ ಭೂಮಿ. ಬರೆದವರು ಆರ್ಥರ್ ಸಿ. ಕ್ಲಾರ್ಕ್, 1956ರಿಂದ ಸಿಂಹಳದಲ್ಲಿ ನೆಲೆಸಿ, 2008ರಲ್ಲಿ ಅಲ್ಲಿಯೇ ತೀರಿಕೊಂಡವರು. ಕಾದಂಬರಿ ಪ್ರಕಟವಾದದ್ದು 1975ರಲ್ಲಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ ಕಾದಂಬರಿಗಳ ರುಚಿಯನ್ನು ನಮಗೆ ಹತ್ತಿಸಿದ್ದಾರೆ. ಆ ಬಗೆಯಲ್ಲಿಯೇ ಅತ್ಯಂತ ಕಟ್ಟುನಿಟ್ಟಾದ ಒಂದು ಪಂಥವಿದೆ. ಅಲ್ಲಿ ಲೇಖಕನು ಪುಷ್ಪಕ ವಿಮಾನವನ್ನು ಸುಮ್ಮನೆ ಹಾರಿಸುವಂತಿಲ್ಲ. ಅದು ಯಾವ ಇಂಧನದಿಂದ, ಎಷ್ಟು ವೇಗದಲ್ಲಿ ಹಾರುತ್ತದೆಂಬ ಲೆಕ್ಕವನ್ನೂ ಒಪ್ಪಿಸಬೇಕು. ಕ್ಲಾರ್ಕ್ ಆ ಪಂಥದ ಹಿರಿಯರು.

ಕಥೆ ನಡೆಯುವುದು 2276ರಲ್ಲಿ. ಶನಿಗ್ರಹದ ದೊಡ್ಡ ಉಪಗ್ರಹವಾದ ಟೈಟನ್ನಿನಲ್ಲಿ ಮಾನವರು ವಸಾಹತು ಸ್ಥಾಪಿಸಿ ಮೂರು ತಲೆಮಾರುಗಳಾಗಿವೆ. ಸೂರ್ಯನಿಂದ ಸುಮಾರು 143 ಕೋಟಿ ಕಿಲೋಮೀಟರ್ ದೂರದ ಆ ಲೋಕಕ್ಕೆ ತಲಪುವ ಬಿಸಿಲು ನಮ್ಮದರ ನೂರರಲ್ಲಿ ಒಂದು ಪಾಲು. ಊರೆಲ್ಲ ನೆಲದಡಿಯಲ್ಲಿ. ವಸಾಹತಿನ ಜೀವನೋಪಾಯವೆಂದರೆ ವಾತಾವರಣದಿಂದ ಜಲಜನಕವನ್ನು ಸಂಗ್ರಹಿಸಿ ಅಂತರಿಕ್ಷ ನೌಕೆಗಳಿಗೆ ಮಾರುವುದು. ಹೊಸ ಬಗೆಯ ನೌಕಾಯಂತ್ರ ಬಂದರೆ ಈ ಜಲಜನಕವನ್ನು ಕೇಳುವವರೇ ಇರುವುದಿಲ್ಲವೆಂಬ ಭಯ ಅವರನ್ನು ಕಾಡುತ್ತದೆ. ಒಂದೇ ಬೆಳೆಯನ್ನು ನಂಬಿದ ಸೀಮೆಯ ಈ ಚಿಂತೆಯನ್ನು ಮುಧೋಳ, ಜಮಖಂಡಿಗಳ ಕಬ್ಬಿನ ರೈತರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ.

ಲೆಕ್ಕ ಒಪ್ಪಿಸುವವನ ಲೆಕ್ಕ ತಪ್ಪುವುದೂ ಉಂಟು. ಟೈಟನ್ನಿನ ವಾತಾವರಣದಲ್ಲಿ ಜಲಜನಕ ಹೇರಳವಾಗಿರಬಹುದೆಂದು ಆಗಿನ ಕೆಲವು ಖಗೋಳಜ್ಞರು ಊಹಿಸಿದ್ದರು. ಕ್ಲಾರ್ಕ್ ಅದನ್ನು ನಂಬಿದರು. 1980ರ ನವೆಂಬರಿನಲ್ಲಿ ವಾಯೇಜರ್ ನೌಕೆ ಸಮೀಪದಿಂದ ಹಾದುಹೋದಾಗ ಅಲ್ಲಿರುವುದು ಬಹುಪಾಲು ಸಾರಜನಕವೆಂದು ತಿಳಿಯಿತು. 2005ರ ಜನವರಿ 14ರಂದು ಹೈಗೆನ್ಸ್ ಎಂಬ ಶೋಧಕ ಆ ನೆಲದ ಮೇಲೆಯೇ ಇಳಿಯಿತು. ಶೂನ್ಯಕ್ಕಿಂತ 179 ಡಿಗ್ರಿ ಕೆಳಗಿನ ಚಳಿ. ಬಂಡೆಯಂತೆ ಗಟ್ಟಿಯಾದ ನೀರ್ಗಲ್ಲು. ದ್ರವ ಮೀಥೇನಿನ ಮಳೆ, ಹಳ್ಳ, ಸರೋವರ. ಕಾದಂಬರಿಯ ಇಡೀ ಅರ್ಥಶಾಸ್ತ್ರದ ಬುಡವೇ ಹೀಗೆ ಕುಸಿಯಿತು. ಆದರೂ ಕಾದಂಬರಿ ಉಳಿದಿದೆ. ಯಾಕೆ?

ವಿದ್ಯಾರ್ಥಿಯಾಗಿದ್ದಾಗ ನಾನು ಅದನ್ನು ನೌಕೆಗಳಿಗಾಗಿ ಓದಿದ್ದೆ. ಈ ಸಲ ಓದಿದ್ದು ಡಂಕನ್ ಮೆಕೆಂಝಿಗಾಗಿ. ಇವನು ಟೈಟನ್ನಿನಲ್ಲಿಯೇ ಬೆಳೆದ ಮೂರನೆಯ ತಲೆಮಾರಿನವನು. ಅಮೆರಿಕ ದೇಶದ ಐದು ನೂರನೆಯ ವರ್ಷದ ಉತ್ಸವಕ್ಕೆ ಭೂಮಿಯಿಂದ ಅವನಿಗೆ ಆಮಂತ್ರಣ ಬರುತ್ತದೆ. ಟೈಟನ್ನಿನಲ್ಲಿ ತೂಕವೆಂಬುದು ಭೂಮಿಯ ಏಳರಲ್ಲಿ ಒಂದು ಪಾಲು. ಇಲ್ಲಿ ಎಪ್ಪತ್ತು ಕಿಲೋ ತೂಗುವವನು ಅಲ್ಲಿ ಹತ್ತು ಕಿಲೋ. ಆದ್ದರಿಂದ ಪೂರ್ವಜರ ನೆಲದ ಮೇಲೆ ಎದ್ದು ನಿಲ್ಲುವುದಕ್ಕೆಂದೇ ಡಂಕನ್ ಅಂಗಸಾಧನೆ ಮಾಡಬೇಕಾಗುತ್ತದೆ. ಹಿರಿಯರು ‘ನಮ್ಮ ನೆಲ’ ಎಂದು ಹಂಬಲಿಸುವ ಭೂಮಿ ಅವನ ಪಾಲಿಗೆ ಮೊದಲು ಒಂದು ಭಾರ. ಸೇತುವೆಯ ಮೇಲೆ ನಾನು ಮೊಮ್ಮಗಳ ಹೆಗಲ ಮೇಲೆ ಹೇರಲು ಹೋದದ್ದೂ ಅಂಥದೇ ಭಾರವಲ್ಲವೆ ಎಂದು ಪುಸ್ತಕವನ್ನು ಮಗುಚಿಟ್ಟು ಬಹಳ ಹೊತ್ತು ಕುಳಿತೆ.

ಒಪ್ಪಲಾಗದ ಸಂಗತಿಗಳೂ ಈ ಕಾದಂಬರಿಯಲ್ಲಿವೆ. ಟೈಟನ್ ಬರಿದಾದ ಲೋಕ; ಅಲ್ಲಿ ಊರು ಕಟ್ಟಿದಾಗ ಯಾರೂ ಊರು ಬಿಡಬೇಕಾಗಿರಲಿಲ್ಲ. ವಸಾಹತು ಎಂಬ ಶಬ್ದದ ಕಹಿ ಕ್ಲಾರ್ಕರ ನಾಲಗೆಗೆ ತಗಲಿದಂತಿಲ್ಲ. ಹೋದವರೆಲ್ಲ ಮನಸಾರೆ ಹೋದವರು. ನಮ್ಮಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟಾಗ, ಊರು ಬಿಡಲಿದ್ದ ಎಷ್ಟೋ ಜನ ಇನ್ನೂ ಹುಟ್ಟಿಯೇ ಇರಲಿಲ್ಲ. ಆ ನೀರಿನಿಂದ ಸಾವಿರಾರು ಹೊಲಗಳು ಹಸಿರಾದದ್ದು ನಿಜ. ಹಸಿರಾದ ಹೊಲ ಒಬ್ಬರದು, ಮುಳುಗಿದ ಹೊಲ ಇನ್ನೊಬ್ಬರದು ಎಂಬುದೂ ನಿಜ. ಇನ್ನೊಂದು ಕೊರತೆ: ಮೆಕೆಂಝಿಗಳ ಮನೆಯಲ್ಲಿ ತಾಯಂದಿರೇ ಇಲ್ಲ. ಮೂಲಪುರುಷನ ವಂಶವಾಹಿಗಳು ಕೆಟ್ಟಿರುವುದರಿಂದ ಮಗನೂ ಮೊಮ್ಮಗನೂ ಅವನ ಪಡಿಯಚ್ಚುಗಳೇ. ಡಂಕನ್ ಭೂಮಿಗೆ ಬರುವ ಒಂದು ಕಾರಣ ತನ್ನದೇ ಪಡಿಯಚ್ಚೊಂದನ್ನು ಕೊಂಡೊಯ್ಯುವುದು. ಕೊನೆಗೆ ಅವನು ಎಂಥ ಮಗುವನ್ನು ಎತ್ತಿಕೊಂಡು ಹಿಂದಿರುಗುತ್ತಾನೆಂಬುದನ್ನು ಹೇಳಿ ಓದುವವರ ಸುಖವನ್ನು ನಾನು ಕೆಡಿಸಲಾರೆ.

ನನಗೆ ಅತ್ಯಂತ ಪ್ರಿಯವಾದ ಪಾತ್ರ ಎಲೆನ್ ಅಜ್ಜಿಯದು. ಊರಿನವರಿಂದ ದೂರವಾಗಿ ಒಂಟಿಯಾಗಿರುವ ಈ ಮುದುಕಿ ಬಾಲಕ ಡಂಕನ್ನನಿಗೆ ಒಂದು ಆಟವನ್ನು ಕಲಿಸುತ್ತಾಳೆ. ಐದೈದು ಚೌಕಗಳನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿದ ಹನ್ನೆರಡು ತುಂಡುಗಳು. ಅವನ್ನೆಲ್ಲ ಸೇರಿಸಿ ಆರು ಚೌಕ ಅಗಲ, ಹತ್ತು ಚೌಕ ಉದ್ದದ ಆಯತವೊಂದನ್ನು ತುಂಬಬೇಕು. ಹುಡುಗನಿಗೆ ಒಂದು ಬಗೆಯಲ್ಲಿ ಜೋಡಿಸುವುದೂ ಪ್ರಯಾಸ. ಸರಿಯಾದ ಬಗೆಗಳು ಎಷ್ಟಿವೆ ಗೊತ್ತೆ? 2339. ಅವೇ ತುಂಡುಗಳು, ಪ್ರತಿಸಲವೂ ಬೇರೆ ಜೋಡಣೆ. ನಾನು ರಟ್ಟಿನಲ್ಲಿ ಈ ತುಂಡುಗಳನ್ನು ಕತ್ತರಿಸಿ ಮೊಮ್ಮಗಳಿಗೆ ಕೊಟ್ಟಿದ್ದೇನೆ. ಇನ್ನೂ ನಮ್ಮಿಬ್ಬರಿಗೂ ಒಂದೂ ಕೂಡಿಬಂದಿಲ್ಲ.

ಊರು ಮುಳುಗುವ ಮುಂಚೆ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿದರು. ತೊಲೆ, ಕಂಬ, ಬಾಗಿಲುಗಳನ್ನು ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೇರಿ ತಂದರು. ನಮ್ಮ ಹಳೆಯ ಮನೆಯ ತಲೆಬಾಗಿಲು ಈಗ ಹೊಸ ಮನೆಗಿದೆ. ಹೊಸ ಗೋಡೆಗೆ ಅದು ಒಂದು ಗೇಣು ಎತ್ತರವಾಯಿತೆಂದು ಬಡಿಗೇರನು ಕೆಳಗಿನಿಂದ ಕೊಯ್ದು ಕೂಡಿಸಿದ. ನಾನು ಒಳಗೆ ಬರುವಾಗ ಈಗಲೂ ಕೆಲವೊಮ್ಮೆ ಹಳೆಯ ಹೊಸ್ತಿಲಿಗೆಂದು ಕಾಲೆತ್ತಿಡುತ್ತೇನೆ. ಮೊಮ್ಮಗಳು ಅದೇ ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ತನ್ನ ಎತ್ತರವನ್ನು ಗುರುತು ಹಾಕಿಕೊಳ್ಳುತ್ತಾಳೆ.