ಹದಿಹರೆಯದವರ ಕೈಗೆ ಎಂಥ ಪುಸ್ತಕ?

ಮಕ್ಕಳನ್ನು ಶಾಲೆಗೆ ಕಳುಹಿಸದೆ ತಂದೆತಾಯಿಗಳೇ ಮನೆಯಲ್ಲಿ ಓದಿಸುವ ಪದ್ಧತಿಗೆ, 1990ರ ದಶಕದ ಆದಿಯ ಹೊತ್ತಿಗೆ, ಅಮೆರಿಕದ 50 ರಾಜ್ಯಗಳಲ್ಲಿಯೂ ಕಾನೂನಿನ ಮನ್ನಣೆ ದೊರೆತಿತ್ತು. ಈ ದಾರಿಯನ್ನು ಹಿಡಿದವರಲ್ಲಿ ಶ್ರದ್ಧಾವಂತ ಕ್ರೈಸ್ತ ಕುಟುಂಬಗಳು ಬಹಳ. ಗಣಿತಕ್ಕೆ, ವ್ಯಾಕರಣಕ್ಕೆ ಸಿದ್ಧ ಪಠ್ಯಗಳು ಸಿಗುತ್ತವೆ. ಅಲ್ಲಿ ತೊಡಕು ಕಡಮೆ. ಆದರೆ 14-15 ವರ್ಷದ ಮಗನಿಗೋ ಮಗಳಿಗೋ ಸಾಹಿತ್ಯವೆಂದು ಏನನ್ನು ಓದಿಸಬೇಕು ಎಂಬಲ್ಲಿ ತಾಯಿಯ ಕೈ ತಡೆಯುತ್ತದೆ. ಶಾಲೆಯಲ್ಲಾದರೆ ಆಯ್ಕೆಯ ಹೊಣೆ ಮತ್ತೊಬ್ಬರದು. ಇಲ್ಲಿ ಅದು ಆಕೆಯದೇ. ಮನಸ್ಸನ್ನು ಮೇಲೆತ್ತುವ ಪುಸ್ತಕ ಬೇಕು, ಸರಿ. ಮೇಲೆತ್ತುವುದೆಂದರೇನು?

ಇಂಥ ಮನೆಗಳಲ್ಲಿ ಒರೆಗಲ್ಲಾಗಿ ಮುಂದಿಡುವುದು ಸಾಮಾನ್ಯವಾಗಿ ಫಿಲಿಪ್ಪಿಯವರಿಗೆ ಪೌಲನು ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಒಂದು ವಚನವನ್ನು. ಎಂಥ ಸಂಗತಿಗಳನ್ನು ಮನಸ್ಸಿನಲ್ಲಿ ಧ್ಯಾನಿಸಬೇಕೆಂದು ಆತ ಅಲ್ಲಿ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಅದರಲ್ಲಿನ ಶುದ್ಧತೆ ಎಲ್ಲರ ನೆನಪಿನಲ್ಲಿರುತ್ತದೆ. ಆದರೆ ಪಟ್ಟಿಯ ಮೊದಲಿಗೆ ನಿಂತಿರುವುದು ಸತ್ಯ. ಈ ಕ್ರಮವನ್ನು ಮರೆತವರ ಆಯ್ಕೆ ಒಂದು ಬಗೆಯ ಸಕ್ಕರೆ ಪುಸ್ತಕಗಳ ಕಡೆಗೆ ಜಾರುತ್ತದೆ. ಅವುಗಳಲ್ಲಿ ಒಳ್ಳೆಯವರು ಮೊದಲ ಪುಟದಿಂದಲೂ ಒಳ್ಳೆಯವರು. ಕೆಟ್ಟವನು ಸಮಯಕ್ಕೆ ಸರಿಯಾಗಿ ಪಶ್ಚಾತ್ತಾಪಪಡುತ್ತಾನೆ. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಾಯಿಲೆ ವಾಸಿಯಾಗುತ್ತದೆ. ಇದು ಸುಳ್ಳೆಂದು 15 ವರ್ಷದ ಓದುಗನಿಗೆ ತಿಳಿಯಲು ಹೆಚ್ಚು ಹೊತ್ತು ಬೇಡ. ನಂಬಿಕೆಯ ಹೆಸರಿನಲ್ಲಿ ಕೊಟ್ಟ ಪುಸ್ತಕ ಸುಳ್ಳಾದರೆ, ನಂಬಿಕೆಯೂ ಅದೇ ಜಾತಿಯದೆಂದು ಆತ ಯಾರಿಗೂ ಹೇಳದೆ ತೀರ್ಮಾನಿಸಿಬಿಡಬಹುದು.

ಕೆಡುಕಿನ ಸೋಂಕಿಲ್ಲದ ಪುಸ್ತಕವೇ ಬೇಕೆಂದು ಹಟ ಹಿಡಿದರೆ ಬೈಬಲ್ಲನ್ನೂ ಕಪಾಟಿನಿಂದ ಇಳಿಸಬೇಕಾದೀತು. ದಾವೀದನು ಪರಸತಿಯನ್ನು ಬಯಸಿದ್ದು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ್ದು ಎರಡನೆಯ ಸಮುವೇಲ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬಂದಿದೆ. ಅದರ ಬೆನ್ನಿಗೇ ಪ್ರವಾದಿ ನಾತಾನನು ಬಂದು ಅರಸನಿಗೆ ಒಂದು ಕುರಿಮರಿಯ ಕಥೆ ಹೇಳುತ್ತಾನೆ. ಉಪದೇಶವಲ್ಲ, ಕಥೆ. ಅರಸನಿಗೆ ತನ್ನ ಮುಖ ಕಂಡದ್ದು ಆ ಕಥೆಯ ಕನ್ನಡಿಯಲ್ಲಿ.

ದಾಸ್ತಯೇವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' 1866ರಲ್ಲಿ ಒಂದು ರಷ್ಯನ್ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಮನೆಯವರ ಹಸಿವಿಗಾಗಿ ಮೈಮಾರಿಕೊಂಡ ಸೋನ್ಯಾ, ಕೊಲೆಗಾರ ರಾಸ್ಕೋಲ್ನಿಕಫ್‌ನ ಮುಂದೆ, ಲಾಜರನು ಸಾವಿನಿಂದೆದ್ದು ಬಂದ ಅಧ್ಯಾಯವನ್ನು ಓದುವ ಪ್ರಕರಣ ಅದರಲ್ಲಿದೆ. ಅಂಥವಳ ಬಾಯಲ್ಲಿ ಸುವಾರ್ತೆಯೇ ಎಂದು ಪತ್ರಿಕೆಯ ಸಂಪಾದಕರು ಹಿಂಜರಿದರು. ಲೇಖಕನು ಆ ಭಾಗವನ್ನು ತಿದ್ದಿ ಬರೆಯಬೇಕಾಯಿತು. ಕ್ರಿಸ್ತನು ಯಾರ ಮನೆಯಲ್ಲಿ ಊಟಕ್ಕೆ ಕುಳಿತನೆಂಬುದನ್ನು ಆ ಸಜ್ಜನರು ಗಳಿಗೆ ಮಟ್ಟಿಗೆ ಮರೆತಿರಬೇಕು. 17ರ ವಯಸ್ಸಿನವರಿಗೆ ಇದಕ್ಕಿಂತ ಹೆಚ್ಚು ಮೇಲೆತ್ತುವ ಪುಟಗಳು ನನಗೆ ಗೊತ್ತಿಲ್ಲ.

ನಮ್ಮ ಮಕ್ಕಳಿಗೆ ನಮ್ಮವರು ಬರೆದದ್ದೇ ಸಾಕು ಎಂಬ ವಾದವೂ ಇದೆ. ಅದು ಹೊಸದೇನಲ್ಲ. 362ರಲ್ಲಿ ರೋಮನ್ ಚಕ್ರವರ್ತಿ ಜೂಲಿಯನ್ನನು, ಕ್ರೈಸ್ತ ಉಪಾಧ್ಯಾಯರು ಹೋಮರ್ ಮೊದಲಾದವರ ಕಾವ್ಯಗಳನ್ನು ಪಾಠ ಹೇಳದಂತೆ ತಡೆದನು. ಆಗ ಅಪೊಲಿನಾರಿಯಸ್ ಎಂಬ ಹೆಸರಿನ ತಂದೆ-ಮಗ ಇಬ್ಬರೂ ಸೇರಿ ಧರ್ಮಗ್ರಂಥವನ್ನೇ ಗ್ರೀಕ್ ಛಂದಸ್ಸಿನ ಕಾವ್ಯವಾಗಿಯೂ, ಸುವಾರ್ತೆಗಳನ್ನು ಪ್ಲೇಟೋವಿನ ಸಂವಾದಗಳ ಧಾಟಿಯಲ್ಲಿಯೂ ಹೊಸದಾಗಿ ಬರೆದರಂತೆ. ಮರುವರ್ಷವೇ ಜೂಲಿಯನ್ ತೀರಿಕೊಂಡನು. ಆ ಕೃತಿಗಳೂ ಅಳಿದುಹೋದುವು. ಮುಂದಿನ ಶತಮಾನದ ಚರ್ಚಿನ ಚರಿತ್ರಕಾರನೊಬ್ಬನು ಅವು ಬರೆಯದೇ ಇದ್ದಂತೆಯೇ ಆದುವೆಂದು ಹೇಳಿದ್ದಾನೆ. ಅದೇ ಕಾಲದ ಸಂತ ಬೆಸಿಲ್ ಮಾತ್ರ ತರುಣರಿಗೆ ಬೇರೆಯ ದಾರಿ ತೋರಿಸಿದನು. ಜೇನು ಎಲ್ಲ ಹೂವಿಗೂ ಹೋಗುವುದಿಲ್ಲ, ಹೋದ ಹೂವನ್ನು ಇಡಿಯಾಗಿ ಹೊತ್ತು ತರುವುದೂ ಇಲ್ಲ. ಅನ್ಯರ ಗ್ರಂಥಗಳನ್ನು ಹಾಗೆ ಓದಿ ಎಂದನು.

ಹಾಗೆಂದು ಎಲ್ಲವನ್ನೂ ಎಲ್ಲ ವಯಸ್ಸಿಗೂ ಕೊಡುವುದೆಂದಲ್ಲ. ಹಾಲೆಂಡಿನ ಗಡಿಯಾರದಂಗಡಿಯೊಂದರ ಮಗಳು ಕೊರಿ ಟೆನ್ ಬೂಮ್, 1971ರಲ್ಲಿ ಪ್ರಕಟವಾದ ತನ್ನ 'ದಿ ಹೈಡಿಂಗ್ ಪ್ಲೇಸ್'ನಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾಳೆ. ಚಿಕ್ಕವಳಿದ್ದಾಗ, ರೈಲಿನಲ್ಲಿ, ಪದ್ಯವೊಂದರಲ್ಲಿ ಬಂದ ದೊಡ್ಡವರ ವಿಷಯದ ಮಾತಿಗೆ ಅರ್ಥವೇನೆಂದು ತಂದೆಯನ್ನು ಕೇಳಿದಳು. ಆತ ಗಡಿಯಾರಗಳೂ ಬಿಡಿಭಾಗಗಳೂ ತುಂಬಿದ ತನ್ನ ಪೆಟ್ಟಿಗೆಯನ್ನು ಕೆಳಗಿಟ್ಟು, ಇದನ್ನು ಎತ್ತಿಕೊಂಡು ಬರುತ್ತೀಯಾ ಎಂದನು. ಹುಡುಗಿಗೆ ಆಗಲಿಲ್ಲ. ಕೆಲವು ತಿಳಿವಳಿಕೆಗಳೂ ಹೀಗೆಯೇ. ನಿನಗೆ ಬಲ ಬರುವ ತನಕ ನಾನು ಹೊರುತ್ತೇನೆ ಎಂಬುದು ಆತನ ಉತ್ತರ. ಈ ಪ್ರಸಂಗವನ್ನು ಎತ್ತಿ ಹೇಳುವ ಹಲವರು ಅರ್ಧಕ್ಕೇ ನಿಲ್ಲುತ್ತಾರೆ. ಪೆಟ್ಟಿಗೆಯೇ ಇಲ್ಲವೆಂದು ಆ ತಂದೆ ಹೇಳಲಿಲ್ಲ. ಮುಂದೆ ಅದೇ ಮನೆ ಯೆಹೂದ್ಯರನ್ನು ಬಚ್ಚಿಟ್ಟಿತು. 1944ರ ಫೆಬ್ರವರಿಯಲ್ಲಿ ಅವರೆಲ್ಲ ಸೆರೆಯಾದರು. ಮುದುಕ ಕೆಲವೇ ದಿನಗಳಲ್ಲಿ ಸೆರೆಯಲ್ಲಿ ತೀರಿಕೊಂಡನು. ಅಕ್ಕ ಬೆಟ್ಸಿ ಆ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಸತ್ತಳು. ಆ ಹೊತ್ತಿಗೆ ಮಗಳು ಭಾರವನ್ನು ಹೊರಬಲ್ಲವಳಾಗಿದ್ದಳು. 10ರ ವಯಸ್ಸಿಗೆ ಭಾರವಾದದ್ದನ್ನು 16ರಲ್ಲಿ, ಒಂದು ಬದಿಯನ್ನು ತಾವು ಹಿಡಿದು, ಎತ್ತಿಸುವುದೇ ತಂದೆತಾಯಿಗಳ ಕೆಲಸ.

ನಮ್ಮ ಭಾಷೆಯ ಮನೆಗಳಿಗೂ ಸಾಮಗ್ರಿಯ ಕೊರತೆಯಿಲ್ಲ. ಬನ್ಯನ್ನನ ಪ್ರಸಿದ್ಧ ರೂಪಕಕಥೆ 19ನೆಯ ಶತಮಾನದಲ್ಲಿಯೇ, ಬಾಸೆಲ್ ಮಿಶನ್ನಿನವರಿಂದ, 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂದಿತು. ಕ್ರಿಸ್ತನ ಕೊನೆಯ ದಿನವನ್ನು ಕುರಿತ 'ಗೊಲ್ಗೊಥಾ'ವನ್ನು ಬರೆದವರು ಮಂಜೇಶ್ವರದ ಗೋವಿಂದ ಪೈಗಳು, ಅವರು ಕ್ರೈಸ್ತರಲ್ಲ. ಬೆಸಿಲ್ಲನ ಜೇನು ಅಲ್ಲಿಗೂ ಹೋಗಬೇಕು.

ಇನ್ನು ಓದಿಸುವ ರೀತಿ. ಮನೆಯ ಶಿಕ್ಷಣಕ್ಕೆ ಇಂದಿಗೂ ಅನೇಕರು ಗುರುವೆಂದು ನೆನೆಯುವ ಇಂಗ್ಲೆಂಡಿನ ಷಾರ್ಲಟ್ ಮೇಸನ್ (1842-1923) ಒಂದು ಸರಳ ಕ್ರಮವನ್ನು ಹೇಳಿದ್ದಾಳೆ. ಒಂದು ಭಾಗವನ್ನು ಒಮ್ಮೆ ಮಾತ್ರ ಓದುವುದು. ಬಳಿಕ ಮಗು ಅದನ್ನು ತನ್ನ ಮಾತಿನಲ್ಲಿ ಹೇಳುವುದು. ದೊಡ್ಡವರು ನಡುವೆ ಬಾಯಿ ಹಾಕದಿರುವುದು. ಸೋನ್ಯಾಳ ಅಧ್ಯಾಯವನ್ನು ಮಗಳು ಹಾಗೆ ಹೇಳುತ್ತಿರುವಾಗ ಎಲ್ಲಿ ತಡೆದಳು, ಯಾರ ಪಕ್ಷ ವಹಿಸಿದಳು ಎಂಬುದು ತಾಯಿಗೆ ಕೇಳಿಸುತ್ತದೆ. ಮುಂದಿನ ಪುಸ್ತಕ ಯಾವುದೆಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.