ಹಳೆಯ ಕಾರಿನ ಧ್ವನಿವರ್ಧಕಕ್ಕೊಂದು ಗೂಡು

(ಉಪ್ಪಳದಲ್ಲಿ ಶಾಲಾ ವಾರ್ಷಿಕೋತ್ಸವದ ದಿನ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಬಗೆಗೆ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರ ಅಪ್ಪಣೆಯಾಯಿತು. ಚಂದ್ರಲೋಕದ ವಿಚಾರವನ್ನೋ ಪರಮಾಣುವಿನ ವಿಚಾರವನ್ನೋ ಹೇಳಲು ನಮಗಿಂತ ಬಲ್ಲವರು ಅನೇಕರಿದ್ದಾರೆ. ಆದಕಾರಣ ನಾವು ಕೈಯಾರೆ ಮಾಡಿ, ಎರಡು ಬಾರಿ ಕೆಡಿಸಿ, ಮೂರನೆಯ ಬಾರಿಗೆ ಸರಿಪಡಿಸಿಕೊಂಡ ಒಂದು ಮರದ ಪೆಟ್ಟಿಗೆಯ ಸಂಗತಿಯನ್ನಷ್ಟೇ ತಮ್ಮ ಮುಂದಿಡುತ್ತೇವೆ.

ನಮ್ಮ ದೊಡ್ಡಪ್ಪನವರು ಮದ್ದಳೆಗಾರರಾಗಿದ್ದರು. ತೀರಿಹೋಗಿ ಬಹಳ ವರ್ಷಗಳಾದುವು. ಅವರು ಬಾರಿಸಿದ ಒಂದು ತಾಳಮದ್ದಳೆಯ ಧ್ವನಿಸುರುಳಿ ಮನೆಯಲ್ಲಿ ಉಳಿದಿತ್ತು. ಅದನ್ನು ಮೊಬೈಲಿಗೆ ಇಳಿಸಿ, ಎಂಬತ್ತು ದಾಟಿದ ದೊಡ್ಡಮ್ಮನವರಿಗೆ ಕೇಳಿಸಿದೆವು. ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು, "ಮಗಾ, ಇದರಲ್ಲಿ ಅವರ ಬಲಗೈ ಮಾತ್ರ ಉಂಟು. ಎಡಗೈ ಎಲ್ಲಿ ಹೋಯಿತು?" ಎಂದು ಕೇಳಿದರು. ನಮಗೆ ಉತ್ತರ ತೋಚಲಿಲ್ಲ.

ಉತ್ತರವಾದರೋ ಸರಳವೇ. ಮೊಬೈಲಿನ ಧ್ವನಿವರ್ಧಕವು ಉಗುರಿನಷ್ಟೇ ಅಗಲದ್ದು. ಮಂದ್ರ ಧ್ವನಿಯನ್ನು ಹುಟ್ಟಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ಅದಕ್ಕೆ ಅಗಲವಾದ ಪೊರೆ ಬೇಕು. ಸುರುಳಿಯೊಳಗೆ ಎಡಗೈಯ ಪೆಟ್ಟು ಇತ್ತು, ಹೊರಗೆ ಬರಲು ಬಾಗಿಲಿರಲಿಲ್ಲ. ಇನ್ನೊಂದು ಮಾತೂ ಉಂಟು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಸ್ವರಗಳನ್ನು; ಮಂದ್ರವು ಹೆಚ್ಚು ಕಾಲ ಉಳಿಯುತ್ತದೆ. ದೊಡ್ಡಮ್ಮನವರಿಗೆ ಚೆನ್ನಾಗಿ ಕೇಳಿಸಬಹುದಾಗಿದ್ದ ಭಾಗವನ್ನೇ ನಾವು ಅವರಿಗೆ ಕೊಟ್ಟಿರಲಿಲ್ಲ.

ಅಂಗಡಿಯಲ್ಲಿ ಸಬ್‌ವೂಫರಿನ ಬೆಲೆ ಕೇಳಿ ಹಿಂದೆ ಬಂದು, ಹೆದ್ದಾರಿಯ ಬದಿಯ ಗುಜರಿ ಅಂಗಡಿಗೆ ಹೋದೆವು. ಜಖಂಗೊಂಡ ಕಾರೊಂದರಿಂದ ಬಿಚ್ಚಿದ ಎಂಟು ಇಂಚಿನ ಎರಡು ಸ್ಪೀಕರುಗಳು ಅಲ್ಲಿ ಬಿದ್ದಿದ್ದುವು. ಕೊಳ್ಳುವ ಮೊದಲು ಪೊರೆಯನ್ನು ಎರಡೂ ಕೈಗಳ ಬೆರಳುಗಳಿಂದ ಸಮನಾಗಿ, ಮೆಲ್ಲನೆ ಒತ್ತಿ ನೋಡಬೇಕು. ಒಳಗೆ ಕೆರೆದ ಸದ್ದು ಬಂದರೆ ಸುರುಳಿತಂತಿಯು ಅಯಸ್ಕಾಂತಕ್ಕೆ ಉಜ್ಜುತ್ತಿದೆಯೆಂದು ತಿಳಿದು ಬಿಟ್ಟುಬಿಡಬೇಕು. ಪೊರೆಯ ಸುತ್ತಲಿನ ಅಂಚು ರಬ್ಬರಿನದಾಗಿದ್ದರೆ ಒಳ್ಳೆಯದು. ಸ್ಪಂಜಿನಂಥ ಅಂಚು ನಮ್ಮ ಕಡಲತೀರದ ಹವೆಯಲ್ಲಿ ಪುಡಿಪುಡಿಯಾಗುತ್ತದೆ.

ಸ್ಪೀಕರನ್ನು ಬರಿದೇ ಮೇಜಿನ ಮೇಲಿಟ್ಟು ಬಾರಿಸಿದರೆ ಮಂದ್ರವು ಕೇಳಿಸುವುದೇ ಇಲ್ಲ. ಏಕೆ? ಪೊರೆಯು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂಬದಿಯಲ್ಲಿ ಅಷ್ಟೇ ಗಾಳಿಯನ್ನು ಸೆಳೆಯುತ್ತದೆ. ನಮ್ಮ ಸೆಕೆಯ ದಿನಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್; ಸೆಕೆಂಡಿಗೆ 50 ಕಂಪನಗಳ ಧ್ವನಿಯ ಅಲೆಯ ಉದ್ದ 7 ಮೀಟರ್. ಗೇಣಗಲದ ಸ್ಪೀಕರು ಅಂಥ ಅಲೆಗೆ ತಡೆಯೇ ಅಲ್ಲ. ಮುಂದಿನ ಅಲೆಯೂ ಹಿಂದಿನ ಅಲೆಯೂ ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಕಾರಿನಲ್ಲಿ ಬಾಗಿಲಿನ ಟೊಳ್ಳೋ ಡಿಕ್ಕಿಯೋ ಇವೆರಡನ್ನೂ ಬೇರ್ಪಡಿಸುತ್ತಿತ್ತು. ಮನೆಯಲ್ಲಿ ಆ ಕೆಲಸವನ್ನು ಪೆಟ್ಟಿಗೆ ಮಾಡಬೇಕು.

ಇಂದಿನ ಬಗೆಯ ಸುರುಳಿತಂತಿಯ ಧ್ವನಿವರ್ಧಕವನ್ನು ಅಮೇರಿಕದಲ್ಲಿ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು 1925ರಲ್ಲಿ ಜಗತ್ತಿಗೆ ತೋರಿಸಿದರು. ಅದಾಗಿ ಬಹುಕಾಲ ಒಳ್ಳೆಯ ಮಂದ್ರ ಬೇಕೆಂದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಸಣ್ಣ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡರು. ತೂತುಕೊಳವೆಯಿರುವ ಇನ್ನೊಂದು ಬಗೆಯೂ ಉಂಟು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂಕರಿಸುವುದಿಲ್ಲವೇ, ಅದೇ ತತ್ತ್ವ. ಆ ಬಗೆಯಲ್ಲಿ ಮಂದ್ರ ಹೆಚ್ಚು. ಆದರೆ ಸ್ಪೀಕರಿನ ಗುಣಗಳನ್ನು ಅಳೆದು ಲೆಕ್ಕ ಹಾಕಬೇಕು. ಆಸ್ಟ್ರೇಲಿಯದ ನೆವಿಲ್ ಥೀಲ್ ಅವರು 1961ರಲ್ಲಿ ಆ ಲೆಕ್ಕದ ದಾರಿ ತೋರಿದರು. ಗುಜರಿಯ ಸ್ಪೀಕರಿಗೆ ಜಾತಕವಿಲ್ಲ. ಜಾತಕವಿಲ್ಲದ್ದಕ್ಕೆ ಮುಚ್ಚಿದ ಪೆಟ್ಟಿಗೆಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಅದು ಸಣ್ಣಪುಟ್ಟ ತಪ್ಪುಗಳನ್ನು ಮನ್ನಿಸುತ್ತದೆ.

ನಮ್ಮ ಮೊದಲ ಪೆಟ್ಟಿಗೆಯನ್ನು ಹಳೆಯ ಮೇಜೊಂದರ ಹೊಟ್ಟಿನ ಹಲಗೆಯಿಂದ ಮಾಡಿದೆವು. ಆಟಿ ತಿಂಗಳ ಮಳೆಗೆ ಅದು ನೆನೆಹಾಕಿದ ಅವಲಕ್ಕಿಯಂತೆ ಉಬ್ಬಿಕೊಂಡಿತು. ಎರಡನೆಯದಕ್ಕೆ ನೀರು ತಾಳುವ 18 ಮಿಲಿಮೀಟರ್ ಪ್ಲೈವುಡ್ಡನ್ನು ಬಳಸಿದೆವು. ಒಳಗಿನ ಅಳತೆ ಉದ್ದ 46, ಎತ್ತರ 25, ಆಳ 25 ಸೆಂಟಿಮೀಟರ್. ಏಳನೆಯ ತರಗತಿಯ ಮಕ್ಕಳು ಗುಣಿಸಿ ನೋಡಲಿ: 28,750 ಘನ ಸೆಂಟಿಮೀಟರ್, ಎಂದರೆ ಸುಮಾರು 29 ಲೀಟರ್. ಆಚಾರಿಯವರ ಕೊಟ್ಟಿಗೆಯಲ್ಲಿ ಉಳಿದ ಏಳೆಂಟು ಚದರ ಅಡಿ ತುಂಡುಗಳಲ್ಲಿ ಕೆಲಸ ಮುಗಿಯಿತು. ಅಂಟು ಹಚ್ಚಿ, ತಿರುಪುಮೊಳೆ ಬಿಗಿದು, ಒಳಗಿನ ಸಂದುಗಳಿಗೆ ಸಿಲಿಕಾನ್ ಮೆತ್ತಿ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿದೆವು.

ಪೆಟ್ಟಿಗೆ ಗೆದ್ದಿತು, ವಿದ್ಯುತ್ತಿನಲ್ಲಿ ನಾವು ಸೋತೆವು. ಕಾರಿನ ಸ್ಪೀಕರುಗಳ ರೋಧ ಸಾಮಾನ್ಯವಾಗಿ 4 ಓಮ್. ನಮ್ಮ ಮನೆಯ ಆಂಪ್ಲಿಫಯರು 8 ಓಮಿಗೆ ಮಾಡಿದ್ದು. ಅವಸರದಲ್ಲಿ ನಾವು ಎರಡನ್ನೂ ಸಮಾಂತರವಾಗಿ ಜೋಡಿಸಿದೆವು. ನಾಲ್ಕು ಮತ್ತು ನಾಲ್ಕು ಸಮಾಂತರದಲ್ಲಿ ಎಷ್ಟು? ಎರಡು! ವಿದ್ಯುತ್ ಪ್ರವಾಹ ಮಿತಿಮೀರಿ, ಹತ್ತು ನಿಮಿಷಗಳಲ್ಲಿ ಸುಟ್ಟ ವಾಸನೆ ಬಂತು. ಪಠ್ಯಪುಸ್ತಕದಲ್ಲಿ ಕನ್ನಡದಲ್ಲೇ ಓದಿ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆದಿದ್ದ ಪಾಠವದು. ಆಂಪ್ಲಿಫಯರಿನ ದುರಸ್ತಿಗೆ ತೆತ್ತ ಹಣ ಎರಡು ಸ್ಪೀಕರುಗಳ ಬೆಲೆಗಿಂತ ಹೆಚ್ಚು. ಸರಣಿಯಲ್ಲಿ ಜೋಡಿಸಿದಾಗ 4 ಮತ್ತು 4 ಸೇರಿ 8 ಆಯಿತು, ಮತ್ತೆ ಬಿಸಿಯೇರಲಿಲ್ಲ.

ಸರಣಿಯಲ್ಲಿ ಒಂದರ ಋಣ ತುದಿಯನ್ನು ಇನ್ನೊಂದರ ಧನ ತುದಿಗೆ ಸೇರಿಸಬೇಕು. ತಪ್ಪಿದರೆ ಒಂದು ಪೊರೆ ಹೊರಕ್ಕೆ, ಇನ್ನೊಂದು ಒಳಕ್ಕೆ ಚಲಿಸಿ ಶಬ್ದವೇ ಸತ್ತುಹೋಗುತ್ತದೆ. ಗುರುತು ಅಳಿಸಿಹೋಗಿದ್ದರೆ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಕ್ಷಣಕಾಲ ಮುಟ್ಟಿಸಬೇಕು. ಪೊರೆ ಹೊರಕ್ಕೆ ನೆಗೆದರೆ ಬ್ಯಾಟರಿಯ ಧನ ತುದಿ ತಾಗಿದ್ದೇ ಧನ. ಮಕ್ಕಳು ಇದನ್ನು ಧಾರಾಳವಾಗಿ ಮಾಡಬಹುದು. ಗೋಡೆಯ 230 ವೋಲ್ಟಿನ ಕಡೆಗೆ ಮಾತ್ರ ಹಿರಿಯರಿಲ್ಲದೆ ಕೈಯಿಡಕೂಡದು. ಮಂದ್ರವನ್ನಷ್ಟೇ ಸೋಸಿ ಕಳುಹಿಸುವ ಫಿಲ್ಟರೂ ಬೇಕು. ಇಲ್ಲವಾದರೆ ಮಾತುಗಾರಿಕೆಯೆಲ್ಲ ಕೊಡದೊಳಗೆ ಮಾತಾಡಿದಂತೆ ಕೇಳಿಸುತ್ತದೆ.

ಪೆಟ್ಟಿಗೆ ಸೋರುತ್ತಿದೆಯೇ ಎಂದು ನೋಡುವ ಉಪಾಯ ಬಹಳ ಸೊಗಸಿನದು. ಒಂದು ಪೊರೆಯನ್ನು ಮೆಲ್ಲನೆ ಒತ್ತಿದರೆ ಇನ್ನೊಂದು ತಾನಾಗಿ ಹೊರಕ್ಕೆ ಬರುತ್ತದೆ. ಒತ್ತಿ ಹಿಡಿದಿರುವಾಗಲೇ ಅದು ಥಟ್ಟನೆ ಹಿಂಜರಿದರೆ ಎಲ್ಲೋ ಸಂದಿದೆ. ನೆರೆಯ ಮಕ್ಕಳು ಇದನ್ನು ನೋಡಿ ನಕ್ಕಷ್ಟು ನಮ್ಮ ಇಡೀ ಭಾಷಣಕ್ಕೆ ನಗಲಾರರು.

ಕಾರಿನೊಳಗೆ ಎದೆ ನಡುಗಿಸುವ ಗುಡುಗು ಮನೆಯಲ್ಲಿ ಬರುವುದಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳಬೇಕು. ಕಾರಿನ ಒಳಗಣ ಇಕ್ಕಟ್ಟೇ ಮಂದ್ರವನ್ನು ಹೆಚ್ಚಿಸುತ್ತಿತ್ತು. ಮನೆಯಲ್ಲಿ ಮುರಕಲ್ಲಿನ ಗೋಡೆಗಳು ಸೇರುವ ಮೂಲೆಯಲ್ಲಿಟ್ಟರೆ ಸ್ವಲ್ಪ ಲಾಭವುಂಟು.

ಕಳೆದ ಚೌತಿಯ ಮರುದಿನ ದೊಡ್ಡಮ್ಮನವರನ್ನು ಕುಳ್ಳಿರಿಸಿ ಆ ಸುರುಳಿಯನ್ನು ಮತ್ತೆ ಹಾಕಿದೆವು. ಪೀಠಿಕೆ ಮುಗಿಯುವವರೆಗೆ ಅವರು ಏನೂ ಹೇಳಲಿಲ್ಲ. ಎಡಗೈಯ ಬೆರಳುಗಳು ಮಾತ್ರ ಮಣೆಯ ಮೇಲೆ ಪೆಟ್ಟು ಎಣಿಸುತ್ತಿದ್ದುವು. ಆಮೇಲೆ, "ಸದ್ದು ಸ್ವಲ್ಪ ಕಡಿಮೆ ಮಾಡು, ಅಟ್ಟದ ಪಾತ್ರೆ ನಡುಗುತ್ತದೆ" ಎಂದರು. ಕಡಿಮೆ ಮಾಡಿದೆವು. "ಅಷ್ಟು ಬೇಡ" ಎಂದರು.

ಪೆಟ್ಟಿಗೆಯನ್ನು ಕಾಣಬಯಸುವ ಮಕ್ಕಳು ಯಾವ ಆದಿತ್ಯವಾರವಾದರೂ ನಮ್ಮ ಮನೆಗೆ ಬರಬಹುದು. ತಿರುಪುಗಳನ್ನು ಬಿಚ್ಚಿ ಒಳಗನ್ನೂ ತೋರಿಸುವೆವು. ಮರಳಿ ಬಿಗಿಯುವ ಕೆಲಸ ಮಾತ್ರ ಅವರದು.